ಸಮುದ್ರ ಕಂಡವಳೆಂದು ಹೆಸರಾದವಳಿಗೆ

ಆಯಿ,

ಸಮುದ್ರದ ಕಥೆಯನ್ನು ನನಗೆ ಮೊದಲು ಹೇಳಿದವಳು ನೀನು. ನಾನು ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ ಬೇಸಿಗೆ ಅದು. ನಿಮ್ಮ ಅಂಗಳದಲ್ಲಿ ಹೊರಸಿನ ಮೇಲೆ ನೀನು ಶಾವಿಗೆ ಒಣಗಲು ಹಾಕಿದ್ದೆ. ಕಾಗೆ ಬಾರದಂತೆ ಕೋಲು ಹಿಡಿದು ನಾನು ಕಾವಲು ಕೂತಿದ್ದೆ. ನೀನೇನು ನನ್ನ ಸ್ವಂತ ಅಜ್ಜಿಯಲ್ಲ, ಗೋಡೆಯಾಚೆಯ ಮನೆಯವಳು. ಆದರೂ ಮಾತು ಕಲಿತ ದಿನದಿಂದ ನಿನ್ನನ್ನು ಆಯಿ ಎಂದೆ, ನಿನ್ನ ಗಂಡನನ್ನು ಮುತ್ಯಾ ಎಂದೆ. ಅಂದು ನೀನು ಏಳು ಸಮುದ್ರದಾಚೆಯ ರಾಜಕುಮಾರಿಯ ಕಥೆ ಹೇಳಲಿಲ್ಲ. “ಇದು ಕಥಿ ಅಲ್ಲ, ರೇಣಾ. ನಾ ಕಂಡಿದ್ದು ಹೇಳ್ತೀನಿ, ಕೇಳ” ಎಂದು ಶುರುಮಾಡಿದೆ.

ನೀನು ಕಂಡಿರಲಿಲ್ಲ. ಒಂದು ದಿನವೂ, ಒಂದು ಗಳಿಗೆಯೂ ನೀನು ಸಮುದ್ರವನ್ನು ಕಂಡಿರಲಿಲ್ಲ. ಇದು ನನಗೆ ಗೊತ್ತಾದದ್ದು ನೀನು ಸತ್ತ ಹನ್ನೊಂದನೆಯ ದಿನ. ಅಂದು ಏರಿದ ಸಿಟ್ಟು ಇನ್ನೂ ಇಳಿದಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ಯಾಕೆ ಮಾಡಬಾರದು? ಬದುಕಿದ್ದಾಗ ಸಿಟ್ಟು ಮಾಡಲು ನೀನು ನನಗೆ ಒಂದು ಸುಳಿವನ್ನಾದರೂ ಕೊಟ್ಟಿದ್ದೆಯಾ?

ಆ ಶಾವಿಗೆಯ ದಿನ ನೀನು ಹೇಳಿದ್ದು ಒಂದಕ್ಷರ ಬಿಡದೆ ನೆನಪಿದೆ. “ನೀರಿನ ಅಂಚಿನ್ಯಾಗ ಸುಮ್ನ ನಿಂದರಬೇಕ. ಅಲಿ ಬರೂದು ದೊಡ್ಡ ಮಾತಲ್ಲ. ಹೊಳ್ಳಿ ಹೋಗ್ತೈತಲಾ, ಆವಾಗ ನಿನ್ನ ಕಾಲ ಕೆಳಗಿನ ಉಸುಕ ಎಳಕೊಂಡ ಹೋಗ್ತೈತಿ. ನೀ ನಿಂತಲ್ಲೇ ನಿಂತಿರ್ತಿ, ಖರೇ, ನೆಲಾನ ನಡಕೋತ ಹೋದಂಗ ಆಗ್ತೈತಿ.” ನಾನು ಕೋಲು ಬಿಟ್ಟು ಅಂಗಳದ ಮಣ್ಣಿನಲ್ಲಿ ಕಣ್ಣು ಮುಚ್ಚಿ ನಿಂತೆ. ನೆಲ ನಡೆಯಲಿಲ್ಲ. ಕಾಗೆ ಮಾತ್ರ ಶಾವಿಗೆ ಎತ್ತಿಕೊಂಡು ಹೋಯಿತು. ನೀನು ಬೈಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ನನಗೆ ಕಥೆ ಹೇಳುವುದನ್ನು ಕಲಿಸುವಾಗ ಅದನ್ನೇ ಪಾಠ ಮಾಡಿದೆ: “ಕಥ್ಯಾಗ ಒಂದರ ಮುಟ್ಟಿ ನೋಡೂವಂಥಾದ್ದು ಇಡಬೇಕ, ಮಗಳ. ಕೇಳಾವರು ಅದನ್ನ ಕಾಲಿಂದ ಮುಟ್ಟಿ ನೋಡ್ತಾರ. ಉಳದದ್ದೆಲ್ಲಾ ತಾವಾ ನಂಬ್ತಾರ.” ನಾವೆಲ್ಲ ನಂಬಿದೆವು. ಎಷ್ಟು ಚೆನ್ನಾಗಿ ನಂಬಿದೆವು!

ನಮ್ಮಂಥ ಊರಿನಲ್ಲಿ ಸಮುದ್ರ ಎಂದರೆ ಏನಿತ್ತು ಹೇಳು? ಇದೇ ಓಣಿಯಲ್ಲಿ ನನ್ನನ್ನು ಕೊಟ್ಟ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ನನ್ನ ಅತ್ತೆ “ಸಮುದ್ರಾನ ಕಾಸಿ ಬಡಿಸಿದಿ ಏನ?” ಅನ್ನುತ್ತಿದ್ದಳು. ಖಾನಾಪುರದ ಸಂತೆಯಿಂದ ಒಣಮೀನು ಬಂದರೆ ಓಣಿಗೆಲ್ಲ ವಾಸನೆ. ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದೆ ಆಡುತ್ತಿದ್ದ ಚಕ್ಕಾಬಾರದ ನಾಲ್ಕು ಕವಡೆ. ಇಷ್ಟೇ. ಮತ್ತೆ ದಿನಾ ದೇಸೂರ ಸ್ಟೇಶನ್ ದಾಟಿ ಗೋವಾ ಕಡೆ ಹೋಗುವ ರೈಲು. ಆ ರೈಲಿನಲ್ಲಿ ಗಂಡಸರು ಹೋಗುತ್ತಿದ್ದರು. ಈಗ ಬೈಕಿನಲ್ಲಿ, ಕಾರಿನಲ್ಲಿ ಹೋಗುತ್ತಾರೆ. ಉದ್ಯಮಬಾಗದ ಕಾರ್ಖಾನೆಗೆ ಹೋಗುವ ನನ್ನ ಗಂಡ ದೀಪಾವಳಿ ಕಳೆದ ಮೇಲೆ ಗೆಳೆಯರ ಜೊತೆ ಹೋಗಿ ಕಣ್ಣು ಕೆಂಪು ಮಾಡಿಕೊಂಡು ಬರುತ್ತಾನೆ. “ಸಮುದ್ರ ಹೆಂಗಿತ್ತರೀ?” ಎಂದು ಒಮ್ಮೆ ಕೇಳಿದೆ. “ಇತ್ತು” ಅಂದ. ಮೂರು ದಿನ ಅದರ ಪಕ್ಕದಲ್ಲಿದ್ದು ಬಂದವನಿಗೆ ಒಂದು ಶಬ್ದ ಸಿಕ್ಕಿತು. ಅದನ್ನು ಕಾಣದ ನೀನು ಐವತ್ತೈದು ವರ್ಷ ಹೇಳಿದೆ!

ಎರಡು ವರ್ಷದ ಹಿಂದೆ ನಮ್ಮ ಮಹಿಳಾ ಸಂಘದವರು ಸಮುದ್ರ ನೋಡಲು ಹೊರಟದ್ದು ನೆನೆದರೆ ಈಗಲೂ ಕೈ ಹಿಸುಕಿಕೊಳ್ಳುತ್ತೇನೆ. ಸಂಘದ ಅಧ್ಯಕ್ಷೆ ನಾನೇ. ಟೆಂಪೋದಲ್ಲಿ ಹದಿನೇಳು ಸೀಟು, ನಾವು ಹದಿನೆಂಟು ಜನ. ನಿಮ್ಮ ಕಟ್ಟೆಯ ಮೇಲೆಯೇ ಕೂತು ಹೆಸರು ಬರೆಯುತ್ತಿದ್ದೆ. “ಮೊದಲ ಯಾರರ ಸಮುದ್ರ ನೋಡಿದವರಿದ್ರ ಒಂದ ಸೀಟ ಬಿಟ್ಟ ಕೊಡ್ರೆವಾ” ಎಂದೆ. ನೀನು ಬಾಯಿ ತೆರೆಯುವ ಮೊದಲೇ ಎಲ್ಲರೂ ನಿನ್ನ ಕಡೆ ತಿರುಗಿದರು. ಬಾಗಿಲಲ್ಲಿ ತಂಬಾಕು ತಿಕ್ಕುತ್ತ ಕೂತಿದ್ದ ಮುತ್ಯಾ, “ಆಕಿಗೆ ನಾ ಯಾವಾಗೋ ತೋರ್ಸೇನಿ. ಊರಾಗ ಮೊದಲ ಸಮುದ್ರ ಕಂಡಾಕಿ ನನ್ನ ಹೇಂತಿ!” ಎಂದ. ನೀನು ಅವನ ಮುಖವನ್ನೊಮ್ಮೆ ನೋಡಿದೆ. ಆಮೇಲೆ ನನಗೆ ಹೇಳಿದೆ, “ಹೌದವಾ, ನನ್ನ ಹೆಸರ ತಗಿ. ಹುಡುಗ್ಯಾರು ನೋಡಿ ಬರ್ರಿ.” ನಾನು ಒಂದು ಗೆರೆ ಎಳೆದೆ. ನಗುನಗುತ್ತ ಎಳೆದೆ ಆಯಿ!

ಹೆಸರು ಬರೆದ ಹಿಂದಿನ ದಿನ ನೀನು ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದನ್ನು ನಾನು ಕಂಡಿದ್ದೆ. ಯಾರದೋ ಮದುವೆ ಇದ್ದೀತು ಅಂದುಕೊಂಡೆ. ಮದುವೆ ಎಲ್ಲಿತ್ತು? ಆ ತಿಂಗಳು ಓಣಿಯಲ್ಲಿ ಒಂದು ಮದುವೆಯೂ ಇರಲಿಲ್ಲ. ಅಷ್ಟು ಯೋಚನೆ ಮಾಡಲು ನನಗೆ ಪುರುಸೊತ್ತು ಇರಲಿಲ್ಲ ನೋಡು, ಅಧ್ಯಕ್ಷೆ ಅಲ್ಲವೇ ನಾನು! ನಾವು ಹೊರಡುವ ಮುಂಜಾನೆ ನೀನು ಹದಿನೇಳು ಜನಕ್ಕೂ ಸಾಲುವಷ್ಟು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟೆ. ಟೆಂಪೋ ತಿರುವು ದಾಟುವ ತನಕ ನಿಂತಿದ್ದೆ. ನಾನು ಹಿಂದೆ ತಿರುಗಿ ಕೈ ಬೀಸಿದೆ...

ನಾವು ಮರಳಿ ಬಂದ ಸಂಜೆ ನೀನು ನಮ್ಮನ್ನು ಒಬ್ಬೊಬ್ಬರನ್ನೇ ಹಿಡಿದು ಕೂರಿಸಿಕೊಂಡು ಕೇಳಿದೆ. ಒದ್ದೆ ಸೀರೆಯ ಅಂಚು ಮುಟ್ಟಿ ನೋಡಿದೆ. ಶಾಂತವ್ವ ಬಾಟಲಿಯಲ್ಲಿ ಸಮುದ್ರದ ನೀರು ತಂದಿದ್ದಳು. ನೀನು ಬೆರಳು ಅದ್ದಿ ನಾಲಿಗೆಗೆ ಇಟ್ಟು ಮುಖ ಕಿವಿಚಿದೆ. “ಅಯ್ಯ, ಕಹಿ ಅನಸ್ತೈತಲ್ಲ!” ಎಂದೆ. “ನೀ ನೋಡಿ ಭಾಳ ದಿನಾ ಆತಲ್ಲಾಯಿ, ಮರತೀದಿ” ಎಂದು ಶಾಂತವ್ವ ನಕ್ಕಳು. ಎಲ್ಲರೂ ನಕ್ಕೆವು. ನೀನೂ ನಕ್ಕೆ. ಎಲ್ಲರೂ ಹೋದ ಮೇಲೆ ನನ್ನನ್ನು ಕೇಳಿದೆ, “ಕಾಲ ಕೆಳಗ ಉಸುಕ ಸರೀತೇನ?” “ಸರೀತು ಆಯಿ, ನೀ ಹೇಳಿದಂಗ. ಒಂದೀಟೂ ಫರಕ ಇಲ್ಲ” ಎಂದೆ. ನೀನು ನನ್ನ ಮೊಣಕೈ ಹಿಡಿದುಕೊಂಡೆ. “ಖರೇ?” ಎಂದೆ.

ಆ ‘ಖರೇ’ ಎಂಬುದನ್ನು ನಾನು ಹೇಗೆ ಕೇಳಿಸಿಕೊಳ್ಳದೆ ಹೋದೆ? ಕಂಡವಳು ಹಾಗೆ ಕೇಳುತ್ತಾಳೆಯೇ? ಕಥೆ ಹೇಳುವವಳು ನಾನು. ಶಾಲೆಗಳಲ್ಲಿ ಕರೆದು ಕೂರಿಸುತ್ತಾರೆ, ಬೆಳಗಾವಿಯಲ್ಲಿ ಶಾಲು ಹೊದಿಸುತ್ತಾರೆ, ದನಿಯ ಏರಿಳಿತದಲ್ಲೇ ಮಕ್ಕಳನ್ನು ಅಳಿಸುತ್ತೇನೆ. ನಿನ್ನ ದನಿಯೊಂದು ಮಾತ್ರ ನನಗೆ ತಿಳಿಯಲಿಲ್ಲ.

ನಿನ್ನ ಹನ್ನೊಂದನೆಯ ದಿನ ಪಡಸಾಲೆಯಲ್ಲಿ ಹತ್ತಿಪ್ಪತ್ತು ಜನ ಕೂತಿದ್ದರು. ಮುತ್ಯಾ ಗೋಡೆಗೆ ಒರಗಿ ಅಳುತ್ತಿದ್ದ. ಅಳುವುದು ನಿಜವೇ, ಸುಳ್ಳು ಅನ್ನಲಾರೆ. ಅಳುತ್ತ, “ನಾ ಆಕಿಗೆ ಏನ ಕಡಿಮಿ ಮಾಡಿದ್ದೆ? ಯಾರೂ ಹೇಂತೀನ ಮನಿ ಹೊರಗ ಕರಕೊಂಡ ಹೋಗದ ಕಾಲದಾಗ ಸಮುದ್ರ ಸೈತ ತೋರ್ಸಿದ್ದೆ” ಎಂದ. ಅವನ ತಂಗಿ, ಲೋಂಡಾದ ಅತ್ತಿ, ನನ್ನ ಪಕ್ಕದಲ್ಲೇ ಕೂತಿದ್ದಳು. ಈಗ ಅವಳಿಗೂ ಎಪ್ಪತ್ತು ದಾಟಿದೆ, ಬಾಯಲ್ಲಿ ಹಲ್ಲಿಲ್ಲ, ಮಾತಿಗೆ ತಡೆಯಿಲ್ಲ. ಸೆರಗಿನಲ್ಲಿ ಮೂಗು ಒರೆಸಿಕೊಂಡು ನನ್ನ ಕಿವಿಯಲ್ಲಿ ಅಂದಳು, “ಎಲ್ಲೀ ಸಮುದ್ರವಾ? ಎರಡ ದಿನಾ ನಮ್ಮ ಲೋಂಡಾದ ಮನ್ಯಾಗ ಕುಂತ ಅಕ್ಕಿ ಆರಿಸಿದ್ಲು, ಪಾಪ.”

ಹಿತ್ತಿಲಿಗೆ ಕರೆದುಕೊಂಡು ಹೋಗಿ ಅವಳ ಬಾಯಿಂದ ಪೂರ್ತಿ ಕೇಳಿದೆ. ನೀನು ಮದುವೆಯಾಗಿ ಬಂದು ಮೂರು ತಿಂಗಳು. ಮುತ್ಯಾ ಊರಿಗೆಲ್ಲ ಸಾರಿದ್ದ, ಹೆಂಡತಿಗೆ ಸಮುದ್ರ ತೋರಿಸುತ್ತೇನೆ ಎಂದು. ದೇಸೂರಿನಲ್ಲಿ ನಿನ್ನನ್ನು ರೈಲು ಹತ್ತಿಸಿದ. ಲೋಂಡಾದಲ್ಲಿ ಅವನ ಗೆಳೆಯರು ಕಾದಿದ್ದರು. ನಿನ್ನನ್ನು ತಂಗಿಯ ಮನೆಯಲ್ಲಿ ಇಳಿಸಿ ಅವರ ಜೊತೆ ಮುಂದಕ್ಕೆ ಹೋದ. ಎರಡು ದಿನ ಬಿಟ್ಟು ಬಂದು ನಿನ್ನ ಕೈಯಲ್ಲೊಂದು ಕಪ್ಪೆಚಿಪ್ಪು ಇಟ್ಟ. “ಊರಾಗ ಕೇಳಿದ್ರ ನೋಡೇನಿ ಅಂತ ಹೇಳ. ಇಲ್ಲಂದ್ರ ನನ್ನ ಮರ್ಯಾದಿ ಹೋಗ್ತೈತಿ” ಎಂದ. ನಿನಗಾಗ ಹದಿನಾರೋ ಹದಿನೇಳೋ. ನಿನ್ನ ದೇವರ ಗೂಡಿನಲ್ಲಿ ದಿನಾ ಅರಿಸಿನ ಕುಂಕುಮ ಕಾಣುತ್ತಿದ್ದ ಚಿಪ್ಪು ಅದೇ, ಅಲ್ಲವೇ?

ನೀನು ಅವತ್ತು ಮಾಡಿದ್ದನ್ನು ಹೇಳುವಾಗ ಲೋಂಡಾದ ಅತ್ತಿಗೆ ನಗುವೇ ಬಂತು. “ಬಾಜೂ ಮನ್ಯಾಗ ಕಾರವಾರದ ಕಡಿ ಹೆಣ್ಣಮಗಳ ಇದ್ಲು. ಆಕಿ ಗಂಡ ರೇಲ್ವೇದಾಗ ಇದ್ದ. ಅಣ್ಣ ಹಿಂಗ ಹೇಳ ಅಂದ ಮ್ಯಾಲ ನಿಮ್ಮಾಯಿ ಆಕಿ ಬೆನ್ನ ಬಿಡಲಿಲ್ಲವಾ. ಗಾಡಿಗೆ ಹೊತ್ತಾಗಿತ್ತು, ಅಣ್ಣ ಒದರಾಕ ಹತ್ತಿದ್ದ. ಈಕಿ ಮಾತ್ರ, ಅಲಿ ಎಷ್ಟ ಎತ್ತರಕ್ಕ ಬರ್ತಾವರೀ, ವಾಸನಿ ಹೆಂಗಿರ್ತೈತ್ರೀ, ಉಸುಕಿನ ಮ್ಯಾಲ ನಿಂತ್ರ ಏನ ಆಗ್ತೈತ್ರೀ ಅಂತ! ಪರೀಕ್ಷಾಕ ಹೊಂಟ ಹುಡುಗಿಗತೆ. ಕಡೀಕ ಆಕೀನ ಬ್ಯಾಸತ್ತು, ಹೋಗಿ ನೋಡವಾ ನನ್ನ ತಾಯಿ, ಇಲ್ಲೇ ಐತಿ ಅಂದ್ಲು.”

ಇಲ್ಲೇ ಇದೆ. ಅದೇ ನೋಡು ನನ್ನ ಹೊಟ್ಟೆಗೆ ಬೆಂಕಿ ಇಟ್ಟ ಮಾತು. ಅರ್ಧ ದಾರಿ ಹೋಗಿದ್ದೆ ನೀನು. ಇನ್ನು ಘಟ್ಟ ಇಳಿದರೆ ಸಮುದ್ರ. ಮುಂಜಾನೆ ಹತ್ತಿದರೆ ಮಧ್ಯಾಹ್ನಕ್ಕೆ ಕಾಲು ಒದ್ದೆ. ಏಳು ಸಮುದ್ರದಾಚೆಯ ಕಥೆ ಹೇಳುತ್ತಿದ್ದೆಯಲ್ಲ, ಒಂದೇ ಒಂದು ಸಮುದ್ರದ ಈಚೆ ದಡಕ್ಕೆ ನಿನ್ನನ್ನು ಕರೆದೊಯ್ಯಲು ಒಬ್ಬರಿಗೂ ಆಗಲಿಲ್ಲ. ಯಾಕೆಂದರೆ ನೀನು ನೋಡಿ ಆಗಿತ್ತು. ಅಷ್ಟು ಚಂದ ಮಾಡಿ ಹೇಳಬೇಕಿತ್ತೇ? ಒಂದು ದಿನವಾದರೂ ತಪ್ಪು ಹೇಳಬಾರದಿತ್ತೇ, ನಮಗೆ ಅನುಮಾನ ಬರುವಂತೆ? ನಾನು ಗೆರೆ ಎಳೆಯುವಾಗ ನನ್ನ ಕೈಯನ್ನು ಯಾಕೆ ಹಿಡಿಯಲಿಲ್ಲ? ಯಾರ ಮರ್ಯಾದೆ ಕಾಯುತ್ತಿದ್ದೆ? ಎರಡು ದಿನ ನಿನ್ನನ್ನು ಅಕ್ಕಿ ಆರಿಸಲು ಕೂರಿಸಿ ಹೋದವನದೇ?

ಅದೇ ಸಂಜೆ ಜನ ಕರಗಿದ ಮೇಲೆ ಮುತ್ಯಾನ ಎದುರಿಗೆ ಹೋಗಿ ನಿಂತೆ. “ಲೋಂಡಾದ ಅತ್ತಿ ಹೇಳಿದ್ದು ಖರೇ ಏನ್ರಿ?” ಎಂದೆ.

“ಅದೇನ ಅಷ್ಟ ದೊಡ್ಡ ಮಾತವಾ?” ಎಂದ. “ಗೆಳ್ಯಾರೆಲ್ಲಾ ಗಂಡಸರು. ಹೊಸಾ ಹೇಂತೀನ ನಡುವ ಹೆಂಗ ಕುಂದ್ರಿಸಿಕೊಂಡ ಹೋಗ್ಲಿ? ಇನ್ನೊಮ್ಮಿ ಇಬ್ಬರಾ ಹೋಗೂಣು ಅಂದಿದ್ದೆ.”

“ಯಾವಾಗ ಅಂದಿದ್ರಿ?”

“ಆವಾಗ.”

“ಆಮ್ಯಾಲ?”

“ಆಮ್ಯಾಲ ಆಕೀನ ಊರ ತುಂಬ ನೋಡೇನಿ ನೋಡೇನಿ ಅಂತ ಹೇಳ್ಕೋತ ಅಡ್ಡಾಡಿದ್ಲಲ್ಲ! ನೋಡಿದಾಕಿಗೆ ಮತ್ತ ಏನ ತೋರ್ಸೂದು?”

ಇಂಥ ಮಾತಿಗೆ ನೀನಿದ್ದಿದ್ದರೆ ಏನಾದರೂ ಹೇಳಿ ನಗಿಸುತ್ತಿದ್ದೆ. ಹೊರಡುವಾಗ ಅವನು ಹಿಂದಿನಿಂದ ಕರೆದ. ದನಿ ಇಳಿದಿತ್ತು. “ರೇಣಾ, ಊರಾಗ ಆಡಬ್ಯಾಡವಾ. ಸತ್ತಾಕಿ ಮಾನದ ಪ್ರಶ್ನೆ.”

ಆ ಮಾತು ನನ್ನನ್ನು ಎರಡು ತಿಂಗಳು ಕಟ್ಟಿಹಾಕಿತು. ಹೇಳಿದರೆ ಊರ ಬಾಯಲ್ಲಿ ನೀನು ಸುಳ್ಳಿ ಆಗುತ್ತೀಯ. ಹೇಳದಿದ್ದರೆ ಅವನು ಕಟ್ಟೆಯ ಮೇಲೆ ಕೂತು ಸಾಯುವ ತನಕ ಸಮುದ್ರ ತೋರಿಸಿದ ಗಂಡನಾಗಿ ಉಳಿಯುತ್ತಾನೆ. ನಾನು ದುಡಿಯುವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುವಾಗಲೂ ಇದೇ. ಬಸ್ಸಿನಲ್ಲೂ ಇದೇ. ಒಂದು ದಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ನಿನ್ನ ಸಮುದ್ರದ ಕಥೆ ಹೇಳಲು ಎದ್ದು ನಿಂತೆ. “ನಮ್ಮ ಆಯಿ ಕಂಡಿದ್ದು” ಎಂದು ಶುರುಮಾಡಬೇಕು. ನರಿಯ ಕಥೆ ಹೇಳಿ ಬಂದೆ. ಅವನ ಒಂದು ಸುಳ್ಳನ್ನು ನೀನು ಐವತ್ತೈದು ವರ್ಷ ಹೊತ್ತೆ. ನಿನ್ನ ಮೇಲಿನ ಪ್ರೀತಿಯಿಂದ ನಾನೂ ಹೊರಬೇಕು, ನನ್ನ ಹಿಂದೆ ನನ್ನ ಮಗಳೂ ಹೊರಬೇಕು. ಇದು ಯಾವ ನ್ಯಾಯ?

ಹೋದ ಭಾನುವಾರ ಸಂಜೆ ಸಂಘದ ಸಭೆ ಇತ್ತು. ಸಮುದಾಯ ಭವನದಲ್ಲಿ ಎಲ್ಲರೂ ಕೂತ ಮೇಲೆ, ಬೇರೆ ವಿಷಯ ಎತ್ತದೆ, ನಿಂತುಕೊಂಡು ಹೇಳಿದೆ. ಕಥೆ ಹೇಳುವ ಹಾಗೆಯೇ ಹೇಳಿದೆ. ರೈಲು, ಲೋಂಡಾ, ಅಕ್ಕಿ ಆರಿಸಿದ ಮೊರ, ಕಾರವಾರದ ಹೆಣ್ಣುಮಗಳು, ಕೈಗೆ ಬಂದ ಚಿಪ್ಪು. ಇಳಕಲ್ ಸೀರೆ ಹೇಳಿದೆ, ನಾನು ಎಳೆದ ಗೆರೆಯನ್ನೂ ಹೇಳಿದೆ. ನಡುವೆ ಶಾಂತವ್ವ, “ಅಕ್ಕಾ, ಸುಳ್ಳ ಹೇಳಬ್ಯಾಡ್ರಿ! ಆಯಿ ನೋಡಿಲ್ಲಂದ್ರ ಯಾರ ನೋಡ್ಯಾರು?” ಎಂದು ಜಗಳಕ್ಕೇ ಬಂದಳು. ಮುಗಿಸುವ ಹೊತ್ತಿಗೆ ಅವಳೂ ತನ್ನ ಜಾಗಕ್ಕೆ ಹೋಗಿ ಕೂತಿದ್ದಳು. ಒಬ್ಬರೂ ನಿನ್ನನ್ನು ಸುಳ್ಳಿ ಅನ್ನಲಿಲ್ಲ, ಆಯಿ. ಅಯ್ಯೋ ಪಾಪ ಎಂದೂ ಅನ್ನಲಿಲ್ಲ. ಯಾರೂ ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೋದರು. ಮಾಡಬಾರದ್ದು ಮಾಡಿದೆನೇನೋ ಅಂದುಕೊಂಡು ನಾನೂ ಮನೆಗೆ ಬಂದೆ.

ಮರುದಿನ ಮುಂಜಾನೆ ಅಂಗಳಕ್ಕೆ ನೀರು ಹಾಕುತ್ತಿದ್ದೆ. ಶಾಂತವ್ವ ಖಾಲಿ ಕೊಡ ಹಿಡಿದು ಬಂದು ನಿಂತಳು. ನಳಕ್ಕೆ ಹೋಗುವ ದಾರಿ ನಮ್ಮ ಮನೆಯ ಮುಂದಲ್ಲ. “ಅಕ್ಕಾ,” ಎಂದಳು, “ನಾ ಗೋಳಗುಮ್ಮಟ ನೋಡಿಲ್ಲರೀ.” ಅವಳ ಗೋಳಗುಮ್ಮಟ ಗೊತ್ತಲ್ಲ ನಿನಗೆ? ತನ್ನ ಹೆಸರು ಕೂಗಿದರೆ ಏಳು ಸಲ ತಿರುಗಿ ಬಂತು ಎಂದು ಎಷ್ಟು ಸಲ ಕೂಗಿ ತೋರಿಸಿದ್ದಾಳೆ! ಗಂಡ ಒಬ್ಬನೇ ಹೋಗಿ ಬಂದು, ನೋಡಿದೆ ಅಂತ ಹೇಳು ಅಂದದ್ದಂತೆ. ಅವಳಿನ್ನೂ ಮಾತು ಮುಗಿಸಿರಲಿಲ್ಲ, ಹಸೀನಾ ಆಪಾ ಬಂದಳು. “ಮುಂಬಯಿ ನಾನೂ ನೋಡಿಲ್ಲ ಬೇಟಾ. ಮದವಿ ಆದ ವರ್ಷಾ ನಮ್ಮವರು ನಡುದಾರ್ಯಾಗ ಮಿರಜದಾಗ ಬಿಟ್ಟ ಹೋಗಿದ್ರು” ಎಂದು ಕಟ್ಟೆಯ ಮೇಲೆ ಕೂತಳು. ಹೊತ್ತು ಏರುವಷ್ಟರಲ್ಲಿ ಏಳು ಜನ. ಒಬ್ಬೊಬ್ಬಳೂ ತಾನು ನೋಡದೇ ಇದ್ದುದನ್ನು ಹೇಳುತ್ತಿದ್ದಳು. ಮೊದಲು ಅಳುತ್ತ ಹೇಳಿದರು. ಆಮೇಲೆ ಒಬ್ಬಳು ಹೇಳಿದರೆ ಉಳಿದವರು ಬಿದ್ದು ಬಿದ್ದು ನಕ್ಕರು.

ಕಡೆಗೆ ನನ್ನ ಅವ್ವ ಬಂದಳು. ನಿನಗೆ ಸೊಸೆಯಂತಿದ್ದ, ಯಾರ ಗೊಡವೆಗೂ ಹೋಗದ ನನ್ನ ಅವ್ವ. ಜಾಗ ಮಾಡಿಕೊಂಡು ಕೂತು ಸೆರಗು ಸರಿಮಾಡಿಕೊಂಡಳು. “ನಿಮ್ಮಪ್ಪ ತಿರಪತಿಗೆ ಒಬ್ಬರಾ ಹೋಗಿದ್ರು” ಎಂದಳು. ನಾನು ಇನ್ನೂ ಕೈಯಲ್ಲೇ ಇದ್ದ ನೀರಿನ ಚರಿಗೆ ಕೆಳಗಿಟ್ಟೆ. ಅವ್ವ ತಿರುಪತಿ ಹೇಳಿದ್ದನ್ನು ಕೇಳುತ್ತಲೇ ನಾನು ಬೆಳೆದಿದ್ದೇನೆ. ಆ ಸಾಲು, ಆ ಗಂಟೆ, ಆ ಒಂದು ಗಳಿಗೆಯ ದರ್ಶನ... “ನಾ ಆ ನಾಕ ದಿನಾ ತವರಮನ್ಯಾಗ ಇದ್ದೆ. ಏನ ಮಾಡಿದ್ನಿ ಅಂತ ಯಾರಿಗೂ ಹೇಳಿಲ್ಲ. ಈಗ ಹೇಳ್ತೀನಿ” ಎಂದು ಅವಳು ಶುರುಮಾಡಿದಳು. ನಾವೆಲ್ಲ ಹ್ಞೂಂ ಅಂದೆವು.

ಅಂದು ಓಣಿಯಲ್ಲಿ ಒಂದು ಒಲೆಯೂ ಹತ್ತಿರಲಿಲ್ಲ. ಚಹಾ ಕೇಳಲು ಗಂಡಸರು ಒಬ್ಬೊಬ್ಬರೇ ಬಂದು ರಸ್ತೆಯಲ್ಲಿ ನಿಂತರು. ನನ್ನ ಗಂಡ ಬಾಗಿಲಲ್ಲಿ ನಿಂತ. ನನ್ನ ಅಪ್ಪನೂ ಕೋಲು ಊರುತ್ತ ಬಂದು, “ಏನ ನಡಸೀರಿ ಇಲ್ಲೆ ಹೊತ್ತಮುಂಜಾನಿ?” ಎಂದು ಗದರಿದ.

ಅವ್ವ ಏಳಲಿಲ್ಲ.

“ಕುಂದರ್ರಿ,” ಎಂದಳು. “ನಿಮ್ಮ ಕಥೀನ ನಡದೈತಿ.”